ಅತ್ತೆಯ ಕೈಯ ಎರಡನೇ ಫೋಟೋ

ತುರಿಕೆಯೆಂದರೆ ಮನಸ್ಸು ಬಾಯಿಬಿಟ್ಟು ಹೇಳಲಾರದ್ದನ್ನು ಚರ್ಮ ಹೇಳುವುದು ಎಂದು ವೇಣುಗೋಪಾಲ್ ಈವರೆಗೆ ಹನ್ನೊಂದು ಶಿಬಿರಗಳಲ್ಲಿ ಹೇಳಿದ್ದ. ಹೇಳಿದಾಗಲೆಲ್ಲ ಸಭೆಯಲ್ಲಿ ಯಾರಾದರೊಬ್ಬರು ಕೆರೆದುಕೊಳ್ಳುತ್ತಿದ್ದ ಕೈಯನ್ನು ಥಟ್ಟನೆ ಮಡಿಲಿಗೆ ಇಳಿಸುತ್ತಿದ್ದರು. ಅದನ್ನು ನೋಡುವುದೆಂದರೆ ಅವನಿಗೆ ಇಷ್ಟ. ಈಗ ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಶಿಡ್ಲಘಟ್ಟ ದಾಟಿ ದಿಬ್ಬೂರಹಳ್ಳಿಯ ಕಡೆಗೆ ಸ್ಕೂಟರ್ ಓಡಿಸುತ್ತಿದ್ದ ಅವನದೇ ಎಡ ಮೊಣಕೈ, ಇಸ್ತ್ರಿ ಮಾಡಿದ ತುಂಬುತೋಳಿನ ಬಿಳಿ ಅಂಗಿಯೊಳಗೆ ಉರಿಯುತ್ತಿತ್ತು. ಕೆರೆದುಕೊಳ್ಳುವಂತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಚಿಕ್ಕಬಳ್ಳಾಪುರದ ಕಲ್ಯಾಣ ಮಂಟಪದಲ್ಲಿ ಇನ್ನೂರು ಜನ ಸೇರುವವರಿದ್ದರು, ಅಂಗಿಯ ಮೇಲೆ ಒಂದು ಚುಕ್ಕೆ ರಕ್ತ ಕಂಡರೂ ಕಥೆ ಮುಗಿದಂತೆ. ಬೆಳಿಗ್ಗೆ ಆರಕ್ಕೇ ಹೆಂಡತಿ ಚೈತ್ರ ಫೋನ್ ಮಾಡಿದ್ದಳು. ರೇಷ್ಮೆಹುಳದ ಕೆಲಸಕ್ಕೆ ಅಮ್ಮನಿಗೆ ಕೈಜೋಡಿಸಲೆಂದು ಅವಳು ಹಿಂದಿನ ಸಂಜೆಯಷ್ಟೇ ತವರಿಗೆ ಹೋಗಿದ್ದಳು. 'ಹುಳ ಸೊಪ್ಪು ಮುಟ್ತಾ ಇಲ್ಲ ರೀ. ತಲೆ ಎತ್ಕೊಂಡು ಹಾಗೇ ಇವೆ. ಕೆಲವು ಹಸಿರು ಕಕ್ತಾ ಇವೆ. ಅಮ್ಮ ಮಾತೇ ಆಡ್ತಾ ಇಲ್ಲ. ಚಿಕ್ಕಪ್ಪ ಆಗ್ಲೇ ಆ ಕವಿತನ ಮೇಲೆ ಹಾಕ್ತಾ ಇದಾರೆ, ಅವಳು ಒಳಗೆ ಬಂದಿದ್ದಕ್ಕೇ ಹೀಗಾಯ್ತಂತೆ. ಬೇಗ ಬನ್ನಿ.' ಅದಕ್ಕೆ ಅವನು ಕೇಳಿದ್ದು, 'ಕೈ ಹೇಗಿದೆ?' 'ಯಾರ ಕೈ?' 'ಅತ್ತೇದು.' ಚೈತ್ರ ಫೋನಿಟ್ಟಳು. ಕೇಳಬಾರದ್ದನ್ನೇನೂ ಕೇಳಲಿಲ್ಲ, ಕೇಳಿದ ಹೊತ್ತು ಸರಿಯಿರಲಿಲ್ಲ ಅಷ್ಟೆ ಎಂದು ಅವನು ಚಿಂತಾಮಣಿಯಿಂದ ಇಲ್ಲಿಯವರೆಗೂ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದ.

ಹುಳಕ್ಕೆ ಏನಾಗಿದೆಯೆಂದು ಅವನಿಗೆ ಗೊತ್ತಿತ್ತು. ತಿಳಿಯುವುದಕ್ಕೆ ದಿಬ್ಬೂರಹಳ್ಳಿ ತಲುಪಬೇಕಾಗಿರಲಿಲ್ಲ. ಚಿಂತಾಮಣಿಯ ಖಾಸಗಿ ಹೈಸ್ಕೂಲಿನಲ್ಲಿ ಹದಿನೇಳು ವರ್ಷದಿಂದ ಅವನು ವಿಜ್ಞಾನದ ಮೇಷ್ಟ್ರು. ಬೇವು ನೈಸರ್ಗಿಕ ಕೀಟನಾಶಕ, ಅದರ ರಸ ತಗುಲಿದ ಎಲೆಯನ್ನು ಕೀಟಗಳು ತಿನ್ನುವುದಿಲ್ಲ ಎಂದು ಎಂಟನೇ ತರಗತಿಗೆ ಪ್ರತಿ ವರ್ಷ ಬರೆಸುತ್ತಾನೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತಾನೆ. ಭಾನುವಾರದ ಶಿಬಿರಗಳಲ್ಲಿ ಅದೇ ಬೇವು ಅಮೃತವಾಗುತ್ತದೆ. 'ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮೋರು ಹೇಳ್ಕೊಂಡೇ ಹಾಳಾದ್ರು' ಎಂದು ಶುರುಮಾಡಿ, ಬೇವಿನೆಣ್ಣೆ, ಹೊಂಗೆಯೆಣ್ಣೆ, ತುಳಸಿರಸ, ಅರಿಶಿನ ಬೆರೆಸಿ ತಾನೇ ಮನೆಯಲ್ಲಿ ಕಾಯಿಸುವ 'ತ್ವಚಾಮೃತ'ದ ಸೀಸೆಯನ್ನು ಎತ್ತಿ ಹಿಡಿಯುತ್ತಾನೆ. ವಾರದ ಬೇವಿಗೂ ಭಾನುವಾರದ ಬೇವಿಗೂ ಅವನ ತಲೆಯಲ್ಲಿ ಪರಿಚಯವೇ ಇರಲಿಲ್ಲ. ರೇಷ್ಮೆಹುಳವೂ ಕೀಟ ಎಂಬುದಂತೂ ಹೊಳೆದಿರಲೇ ಇಲ್ಲ. ಈ ಸೀಮೆಯಲ್ಲಿ ಅದನ್ನು ಯಾರು ಕೀಟ ಅನ್ನುತ್ತಾರೆ? ಹುಳ ಅಂದರೆ ಹುಳ. ಬಾಣಂತಿಯ ಹಾಗೆ ಅದಕ್ಕೊಂದು ಮನೆ, ಪೊರೆ ಬಿಡುವಾಗ ಅದಕ್ಕೆ ನಾಲ್ಕು ಸಲ ಜ್ವರ, ನೆಂಟರ ಮನೆಗೆ ಹೋದರೆ 'ಚೆನ್ನಾಗಿದೀರಾ' ಅನ್ನುವುದಕ್ಕೆ ಮೊದಲು 'ಹುಳ ಎಷ್ಟನೇ ಜ್ವರ' ಎಂದು ಕೇಳುತ್ತಾರೆ. ಬುಧವಾರ ಅತ್ತೆಗೆ ಫೋನ್ ಮಾಡಿದಾಗ ಅವನೂ ಕೇಳಿದ್ದ. 'ನಾಲ್ಕನೇದು ಎದ್ದಿವೆ ಅಳಿಯಂದ್ರೇ, ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡು ಕಟ್ತವೆ' ಅಂದಿದ್ದರು ಸುಬ್ಬಲಕ್ಷ್ಮಮ್ಮ. 'ಒಳ್ಳೇದು, ಒಳ್ಳೇದು' ಎಂದು, ಅದೇ ಉಸಿರಿನಲ್ಲಿ ಅವನು ಹೇಳಿದ್ದ: 'ಎಣ್ಣೆ ರಾತ್ರಿ ಒಂದು ಸಲ ಹಚ್ಚಿದ್ರೆ ಸಾಲ್ದು ಅತ್ತೆ. ದಿನಕ್ಕೆ ಮೂರು ಸಲ ಹಚ್ಚಿ. ಭಾನುವಾರ ನನಗೆ ಫೋಟೋ ಬೇಕು.'

ಈ ಫೋಟೋ ಹುಟ್ಟಿದ್ದು ಗೌರಿಬಿದನೂರಿನಲ್ಲಿ. ಅಲ್ಲ, ಅದಕ್ಕೂ ಹಿಂದೆ. ನಾಲ್ಕು ವರ್ಷದ ಹಿಂದೆ ಮೊಣಕೈಯಲ್ಲಿ ಎಂಟಾಣೆ ಅಗಲದ ಒಂದು ಬಿಳಿ ಹೊಪ್ಪಳೆ ಕಾಣಿಸಿಕೊಂಡ ದಿನ. ಡಾಕ್ಟರು ನೋಡಿ, ಇದು ಅಂಟುವ ಕಾಯಿಲೆಯಲ್ಲ, ಪೂರ್ತಿ ಹೋಗುವುದೂ ಇಲ್ಲ, ಮುಲಾಮು ಹಚ್ಚಿಕೊಂಡು ಹತೋಟಿಯಲ್ಲಿಟ್ಟುಕೊಳ್ಳಿ ಅಂದಿದ್ದರು. ಅಂಟುವುದಿಲ್ಲವೆಂದು ಡಾಕ್ಟರಿಗೆ ಗೊತ್ತಿದ್ದರೆ ಏನು ಬಂತು? ಕ್ಷೌರದಂಗಡಿಯವನು ಅವನಿಗೆಂದೇ ಒಂದು ಹಳೆಯ ಟವೆಲನ್ನು ಬೇರೆ ಮೊಳೆಗೆ ನೇತುಹಾಕಿದ. ಸ್ಟಾಫ್ ರೂಮಿನಲ್ಲಿ ಅವನು ಸೀಬೆಹಣ್ಣು ಹೆಚ್ಚಿ ಕೊಟ್ಟಾಗ ಗಣಿತದ ಮೇಡಂ 'ಇವತ್ತು ನಂದು ಉಪವಾಸ ಸಾರ್' ಅಂದರು, ಹತ್ತು ನಿಮಿಷದ ಮೇಲೆ ಚಕ್ಕುಲಿ ತಿಂದರು. ಚಕ್ಕುಲಿ ಮುರಿದ ಆ ಸದ್ದು ಈಗಲೂ ಅವನ ಕಿವಿಯಲ್ಲಿದೆ. ಮೊಬೈಲಿನಲ್ಲಿ ನೋಡಿ ಬೇವಿನೆಣ್ಣೆ ಹಚ್ಚಿದ, ಉಪ್ಪು ಬಿಟ್ಟ, ಬೆಳಿಗ್ಗೆ ಎಳೆಬಿಸಿಲಿಗೆ ಕೂತ. ಬೇಸಿಗೆ ರಜೆಯಲ್ಲಿ ಹೊಪ್ಪಳೆ ಮಾಯವಾಯಿತು. ಆಗ ಅವನು ಪಟ್ಟ ಸಂತೋಷದಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ. ಆ ಸಂತೋಷದಲ್ಲೇ ನಾಲ್ಕು ಜನಕ್ಕೆ ಹೇಳಿದ, ಆ ನಾಲ್ವರು ನಲವತ್ತು ಜನಕ್ಕೆ ಹೇಳಿದರು, 'ಸಮಗ್ರ ತ್ವಚಾ ಸ್ವಾಸ್ಥ್ಯ ಶಿಬಿರ' ಎಂದು ಅವನ ಭಾವಚಿತ್ರದ ಬ್ಯಾನರ್ ಬಂತು. ಬ್ಯಾನರ್ ಕಟ್ಟಿದ ಮರುವಾರ ಹೊಪ್ಪಳೆಯೂ ಬಂತು. ಬರುವುದಿದ್ದರೆ ಒಂದು ವಾರ ಮೊದಲೇ ಬರಬಹುದಿತ್ತು ಎಂದು ಅವನು ಅದರ ಮೇಲೆ ರೇಗಿದ. ಅಂದಿನಿಂದ ತುಂಬುತೋಳಿನ ಅಂಗಿ. ಅಂದಿನಿಂದ ಗೌರಿಬಿದನೂರಿನ ಬಸ್ ಸ್ಟ್ಯಾಂಡ್ ಹಿಂದಿನ ಮೆಡಿಕಲ್ ಶಾಪು. ಅಲ್ಲಿ ಅವನನ್ನು ಯಾರೂ ಅರಿಯರು, ಚೀಟಿಯನ್ನು ಮಡಿಸಿ ಕೊಟ್ಟರೆ ಮುಲಾಮಿನ ಟ್ಯೂಬನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ಅವನೇ ಒಮ್ಮೆ ಕನ್ನಡಿಯ ಮುಂದೆ ನಿಂತು ಅಂದುಕೊಂಡದ್ದುಂಟು. ಆದರೆ ಬದನೆಕಾಯಿಯಿಂದ ನವೆ ಎಂದು ಶಿಬಿರದಲ್ಲಿ ಅದನ್ನೂ ನಿಷೇಧಿಸಿದ್ದ.

ಹೋದ ತಿಂಗಳು ಶಿಬಿರ ಏರ್ಪಾಡಾದದ್ದು ಅದೇ ಗೌರಿಬಿದನೂರಿನಲ್ಲಿ. ಮಾತು ರಂಗೇರಿದಾಗ ಮೂರನೇ ಸಾಲಿನಲ್ಲಿ ಆ ಮೆಡಿಕಲ್ ಶಾಪಿನವನು ಕೂತಿರುವುದು ಕಂಡಿತು. ಅವನ ಹೆಂಡತಿಗೆ ಹಿಮ್ಮಡಿ ಒಡಕಂತೆ, ಬಂದಿದ್ದ. ಅವನು ವೇಣುಗೋಪಾಲನ ಮುಖ ನೋಡಿದ, ತೋಳು ನೋಡಿದ, ಮತ್ತೆ ಮುಖ ನೋಡಿದ. ಕೇಳಿದ್ದು ಅವನ ಹಿಂದೆ ಕೂತ ಒಬ್ಬ ಮುದುಕ: 'ಸಾಮಿ, ಬಿಸಿಲು ಮೈಗೆ ಬೀಳ್ಬೇಕು ಅಂತೀರಿ, ನೀವ್ಯಾಕೆ ಕೈತುಂಬ ಬಟ್ಟೆ ಹಾಕ್ಕೊಂಡಿದೀರಿ?' ಜನ ನಕ್ಕರು. ಅವನೂ ನಕ್ಕ. ನಗುತ್ತಲೇ, ಮಾತು ಬೇರೆ ಕಡೆ ಹೊರಳಿಸಬೇಕೆಂದು ಕೈಗೆ ಸಿಕ್ಕಿದ್ದನ್ನು ಎಸೆದ. ಅತ್ತೆಯ ಕೈ. ಯುಗಾದಿಗೆ ಹೋದಾಗ ಸೊಪ್ಪು ಬಿಡಿಸುತ್ತಿದ್ದವರ ಕೈಯನ್ನು ಯಾಕೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದ: ಬೆರಳ ಸಂದುಗಳಲ್ಲಿ ಬಿರುಕು, ಬಿರುಕಿನಲ್ಲಿ ಸೊಪ್ಪಿನ ಕರೆ, ಹೆಬ್ಬೆರಳ ಬುಡದಲ್ಲಿ ಒಣಗಿದ ರಕ್ತ. ಅದನ್ನು ದೊಡ್ಡ ಪರದೆಯ ಮೇಲೆ ಹಾಕಿಸಿ, 'ಇದು ಯಾರ ಕೈ ಗೊತ್ತಾ? ನನ್ನ ಸ್ವಂತ ಅತ್ತೆಯವರದು. ಇಪ್ಪತ್ತೊಂದು ದಿನ. ಚಿಕ್ಕಬಳ್ಳಾಪುರದ ಶಿಬಿರದಲ್ಲಿ ಇದೇ ಕೈಯ ಎರಡನೇ ಫೋಟೋ ತೋರಿಸ್ತೀನಿ' ಅಂದ. ಚಪ್ಪಾಳೆ ಬಿತ್ತು. ಹತ್ತಡಿ ಅಗಲದ ಆ ಕೈಯನ್ನು ನೋಡಿ ಅವನಿಗೇ ಒಂದು ಕ್ಷಣ ಭಯವಾಯಿತು. ಅತ್ತೆಯನ್ನು ಒಂದು ಮಾತು ಕೇಳಿರಲಿಲ್ಲ. ಸೀಸೆ ಕೊಟ್ಟದ್ದು ಅದಾದ ಮೇಲೆ.

ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದಾಗ ಗೇಟಿನ ಆಚೆ ಕವಿತ ನಿಂತಿದ್ದಳು. ಬಯ್ಯಪ್ಪನ ಮಗಳು, ಶಿಡ್ಲಘಟ್ಟದಲ್ಲಿ ಬಿಎಸ್ಸಿ ಎರಡನೇ ವರ್ಷ. ರಜೆ ಇದ್ದ ದಿನ ಸೊಪ್ಪು ಕೊಯ್ಯಲು ಬರುತ್ತಾಳೆ, ಹುಳ ದೊಡ್ಡದಾದಾಗ ಒಳಗೂ ಕೈ ಹಚ್ಚುತ್ತಾಳೆ. ಕಾಲೋನಿಯವರು ಹುಳದ ಮನೆಯೊಳಗೆ ಹೋಗುವುದು ಚೈತ್ರಳ ಚಿಕ್ಕಪ್ಪ ಮುನಿವೆಂಕಟಪ್ಪನಿಗೆ ಮೊದಲಿನಿಂದಲೂ ಹಿಡಿಸದು, ಅತ್ತೆ ಮಾತ್ರ 'ಅವಳಷ್ಟು ಚೊಕ್ಕ ನಮ್ಮ ಮನೇಲಿ ಯಾರಿದಾರೆ' ಎಂದು ಕರೆದುಕೊಂಡು ಬರುತ್ತಿದ್ದರು. ಕವಿತ ಅವನ ದಾರಿ ಕಟ್ಟಿ ನಿಂತಳು. ದನಿ ಸಣ್ಣಗಿತ್ತು, ನಡುಕವಿರಲಿಲ್ಲ.

'ಸಾರ್, ಗುರುವಾರಾನೇ ನಾನು ಅಮ್ಮೋರಿಗೆ ಹೇಳ್ದೆ, ಕೈ ಬೇವಿನ ವಾಸನೆ ಬರ್ತಾ ಇದೆ, ಒಳಗೆ ಹೋಗ್ಬೇಡಿ ಅಂತ. ಸೀಗೆಕಾಯಿ ಹಾಕಿ ತೊಳ್ಕೊಂಡಿದೀನಿ ಬಿಡಮ್ಮ ಅಂದ್ರು. ಈಗ ನೋಡಿದ್ರೆ ನಾನು ಒಳಗೆ ಬಂದಿದ್ದಕ್ಕೆ ಅಂತಾರೆ. ನಾಳೆಯಿಂದ ಬರ್ಬೇಡ ಅಂದ್ರು. ಅದು ಹೋಗ್ಲಿ ಸಾರ್. ಊರಲ್ಲಿ ಯಾರ ಹುಳ ಕೆಟ್ರೂ ಇನ್ಮೇಲೆ ನಮ್ಮ ಮನೆ ಹೆಸ್ರೇ ಹೇಳ್ತಾರೆ. ನಾನು ಹೇಳಿದ್ರೆ ಯಾರೂ ನಂಬಲ್ಲ. ನೀವು ಸೈನ್ಸ್ ಮೇಷ್ಟ್ರು, ನೀವು ಒಂದು ಮಾತು ಹೇಳಿ ಸಾಕು.'

'ಹೇಳ್ತೀನಿ' ಅಂದ. ಹೇಳಬೇಕೆಂದೇ ಇತ್ತು. ಈ ಹುಡುಗಿಯ ಮುಖ ನೋಡಿ ಅವನಿಗೆ ನಿಜವಾಗಿಯೂ ಸಂಕಟವಾಯಿತು. ಒಳಗೆ ಹೋಗಿ ಮೊದಲ ಮಾತೇ ಅದು ಎಂದು ತೀರ್ಮಾನಿಸಿ, ಸುಣ್ಣ ಚೆಲ್ಲಿದ ಗೋಣಿಯ ಮೇಲೆ ಪಾದ ಒರಸಿ, ಹುಳದ ಮನೆಯ ಬಾಗಿಲಲ್ಲಿ ನಿಂತ. ನಾಲ್ಕನೇ ಜ್ವರ ಎದ್ದ ಹುಳ ಸೊಪ್ಪು ತಿನ್ನುವಾಗ ಹೊರಗೆ ಮಳೆ ಹುಯ್ಯುತ್ತಿರುವ ಹಾಗೆ ಸದ್ದಾಗುತ್ತದೆ, ಮದುವೆಯಾದ ಹೊಸತರಲ್ಲಿ ಅವನು ಛತ್ರಿ ಕೇಳಿ ನಗೆಪಾಟಲಾಗಿದ್ದ. ಇವತ್ತು ಸದ್ದಿಲ್ಲ. ತಟ್ಟೆ ತಟ್ಟೆಯಲ್ಲೂ ಸೊಪ್ಪು ಹಾಕಿದ ಹಾಗೇ ಬಾಡಿತ್ತು, ಅದರ ಮೇಲೆ ಹುಳಗಳು ತಲೆಯೆತ್ತಿಕೊಂಡು ಸುಮ್ಮನಿದ್ದವು. ಈ ಮನೆಯಲ್ಲಿ ಹುಳ ಇರುವಷ್ಟು ದಿನ ಒಗ್ಗರಣೆಗೆ ಇಂಗಿಲ್ಲ, ದೇವರಿಗೆ ಊದುಬತ್ತಿಯಿಲ್ಲ. ಒಂದು ಸಲ ಅವನ ಮಗಳು ಪೌಡರ್ ಹಾಕಿಕೊಂಡು ಬಂದಳೆಂದು ಅತ್ತೆ ಅವಳನ್ನು ಬಾಗಿಲಿಂದಲೇ ತಿರುಗಿಸಿ ಮುಖ ತೊಳೆಸಿದ್ದರು. ಅಂಥವರು ದಿನಕ್ಕೆ ಮೂರು ಸಲ ಬೇವಿನೆಣ್ಣೆ ಹಚ್ಚಿಕೊಂಡಿದ್ದಾರೆ. ಅಳಿಯ ಹೇಳಿದ್ದಕ್ಕೆ.

ಅಂಗಳದಲ್ಲಿ ಮುನಿವೆಂಕಟಪ್ಪ, ಪಕ್ಕದ ಮನೆಯ ಕೊಂಡಮ್ಮ, ಇನ್ನೂ ಇಬ್ಬರು ನೆರೆದಿದ್ದರು. ಚೈತ್ರ ಗೋಡೆಗೊರಗಿ ನಿಂತಿದ್ದಳು, ಅವನತ್ತ ನೋಡಲಿಲ್ಲ. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಅವನನ್ನು ಕಂಡು ಕಾಲು ಮಡಿಸಿಕೊಂಡರು.

'ಬಂದ್ರಾ. ಕಾಫಿ ಕುಡೀರಿ. ಆಮೇಲೆ ಫೋಟೋ ತಗೊಳ್ಳಿ, ನಿಮಗೆ ಹೊತ್ತಾಗುತ್ತೆ.'

'ಫೋಟೋ ಇರ್ಲಿ ಅತ್ತೆ...'

'ಇರ್ಲಿ ಅಂದ್ರೆ ಹೇಗೆ. ಅಷ್ಟು ಜನ ಬರ್ತಾರಂತೆ' ಎಂದು ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದರು. ಕೈ ವಾಸಿಯಾಗಿತ್ತು. ಸುಳ್ಳಲ್ಲ, ಬಿರುಕುಗಳು ಕೂಡಿಕೊಂಡು ಹೊಸ ಚರ್ಮ ಎಳೆಗೆಂಪಾಗಿ ಬಂದಿತ್ತು. ಅವನಿಗೆ ನಾಚಿಕೆಯಾಗುವ ಮೊದಲು ಸಂತೋಷವಾಯಿತು, ಆ ಸಂತೋಷಕ್ಕೇ ಆಮೇಲೆ ನಾಚಿಕೆಯಾಯಿತು. 'ಇನ್ನು ಒಂದು ತಿಂಗಳು ಸೊಪ್ಪು ಬಿಡಿಸೋ ಕೆಲ್ಸ ಇಲ್ಲ. ಇನ್ನೂ ನುಣ್ಣಗಾಗುತ್ತೆ' ಅಂದರು ಅತ್ತೆ. ವ್ಯಂಗ್ಯವೇ ಎಂದು ಮುಖ ನೋಡಿದ. ವ್ಯಂಗ್ಯವಿರಲಿಲ್ಲ, ಅವರಿಗೆ ಅದು ಬರುತ್ತಿರಲಿಲ್ಲ. ಜೇಬಿನಲ್ಲಿ ಮೊಬೈಲು ನಡುಗಿತು. ಶಿಬಿರದ ವ್ಯವಸ್ಥಾಪಕ ನರೇಂದ್ರನ ಮೆಸೇಜು: 'ಸರ್, ಸೆಕೆಂಡ್ ಫೋಟೋ ಪ್ಲೀಸ್. ಸ್ಲೈಡ್ ರೆಡಿ ಮಾಡ್ಬೇಕು.' ಮೊದಲು ಇದನ್ನು ಮುಗಿಸಿದರೆ ಮನಸ್ಸು ಖಾಲಿಯಾಗುತ್ತದೆ, ಆಮೇಲೆ ಸಮಾಧಾನವಾಗಿ ಎಲ್ಲವನ್ನೂ ಹೇಳಬಹುದು ಅನ್ನಿಸಿತು. ಫೋಟೋ ತೆಗೆದ. ಕೈಗಳ ಹಿಂದೆ, ದೂರದಲ್ಲಿ, ಗೇಟು ಹಿಡಿದು ನಿಂತ ಕವಿತಳೂ ಬಂದಿದ್ದಳು. ಬೆರಳಿನಿಂದ ಚೌಕಟ್ಟಿನ ಅಂಚನ್ನು ಒಳಕ್ಕೆ ಎಳೆದು ಅವಳನ್ನು ಕತ್ತರಿಸಿ ಕಳಿಸಿದ. ಅದರಲ್ಲಿ ತಪ್ಪೇನಿದೆ, ಫೋಟೋ ಕೈಯದಲ್ಲವೇ.

'ನೀನೇ ಹೇಳಪ್ಪ ಮೇಷ್ಟ್ರೇ' ಅಂದ ಮುನಿವೆಂಕಟಪ್ಪ. 'ಓದಿದೋನು ನೀನು. ಮೂವತ್ತು ವರ್ಷದಲ್ಲಿ ಈ ಮನೇಲಿ ಹುಳ ಹೀಗೆ ಕೆಟ್ಟಿದ್ದಿಲ್ಲ. ಹೊರಗಿನೋರು ಒಳಗೆ ಬಂದ್ರು, ಹಿಂಗಾಯ್ತು. ಅವುನಾ ಕಾದಾ? ಹೌದೋ ಅಲ್ವೋ?'

ಎಲ್ಲರೂ ಅವನ ಕಡೆ ತಿರುಗಿದರು. ಗೇಟಿನ ಹತ್ತಿರವೂ ಒಂದು ತಲೆ ಎತ್ತಿತು. ಹೇಳಬೇಕಾದದ್ದು ನಾಲ್ಕೇ ಶಬ್ದ: ನಾನು ಕೊಟ್ಟ ಎಣ್ಣೆಯಿಂದ ಆಯಿತು. ಅಷ್ಟು ಹೇಳಿದರೆ ಕೊಂಡಮ್ಮ ಸಂಜೆಯೊಳಗೆ ಸಾದಲಿಗೆ ಮುಟ್ಟಿಸುತ್ತಾಳೆ, ಸಾದಲಿಯಿಂದ ಶಿಡ್ಲಘಟ್ಟ, ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ. ರೇಷ್ಮೆ ಸೀಮೆಯಲ್ಲಿ ಹುಳ ಕೊಂದ ಎಣ್ಣೆಯನ್ನು ಮನುಷ್ಯರು ಯಾರು ಹಚ್ಚುತ್ತಾರೆ? ಮತ್ತೆ ಬೇರೆ ಮೊಳೆಯ ಟವೆಲು, ಮತ್ತೆ ಗಣಿತದ ಮೇಡಮ್ಮಿನ ಉಪವಾಸ. ಮೊಣಕೈ ಬೆಂಕಿಯಾಗಿತ್ತು. ಬಲಗೈ ತಾನಾಗಿ ಅಲ್ಲಿಗೆ ಹೋಗಿ ಅಂಗಿಯ ಮೇಲಿಂದಲೇ ಪರಪರ ಕೆರೆಯಿತು. ಬಾಯಿ ಶಿಬಿರದ ಕನ್ನಡದಲ್ಲಿ ಶುರುವಾಯಿತು.

'ನೋಡಿ, ಇದಕ್ಕೆ ಒಂದೇ ಕಾರಣ ಅಂತ ಹೇಳೋಕಾಗಲ್ಲ. ಇನ್‌ಫೆಕ್ಷನ್ ಹಲವು ಕಡೆಯಿಂದ ಬರಬಹುದು. ಹೊರಗಿಂದ ಬರೋರ ಕೈಕಾಲಿನ ಮೂಲಕಾನೂ ಬರಬಹುದು. ಹೈಜೀನ್ ಮುಖ್ಯ.'

'ನಾನು ಹೇಳ್ಲಿಲ್ವಾ!' ಎಂದು ಮುನಿವೆಂಕಟಪ್ಪ ತೊಡೆ ತಟ್ಟಿದ. ವೇಣುಗೋಪಾಲ್ ಗೇಟಿನ ಕಡೆ ನೋಡಲಿಲ್ಲ. ತಾನು ಆಡಿದ ಒಂದೊಂದು ವಾಕ್ಯವೂ ಪ್ರತ್ಯೇಕವಾಗಿ ನಿಜವೇ ಎಂದು ಒಳಗೊಳಗೇ ಪರೀಕ್ಷಿಸಿ ನೋಡಿದ. ನಿಜವೇ ಇತ್ತು. ಆದರೂ ಬಾಯಲ್ಲಿ ಏನೋ ಹೊಲಸು ತಿಂದ ಹಾಗಿತ್ತು.

ಸುಬ್ಬಲಕ್ಷ್ಮಮ್ಮ ಅವನನ್ನೇ ನೋಡುತ್ತಿದ್ದರು. ಅವನ ಮುಖವನ್ನಲ್ಲ, ಕೆರೆಯುತ್ತಿದ್ದ ಕೈಯನ್ನು. ಮಂಡಿಗೆ ಕೈಯೂರಿ ಎದ್ದು, 'ಒಳಗೆ ಬನ್ನಿ' ಅಂದರು. ನಡುಮನೆಯ ಅಕ್ಕಿಡಬ್ಬದ ಹಿಂದೆ ಕೈಹಾಕಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಒಂದು ಸಣ್ಣ ಪೊಟ್ಟಣ ತೆಗೆದರು. ಬಿಡಿಸದೆಯೇ ಅವನಿಗೆ ಗೊತ್ತಾಯಿತು.

'ಯುಗಾದೀಲಿ ನಿಮ್ಮ ಪ್ಯಾಂಟು ಒಗೆಯೋವಾಗ ಸಿಕ್ತು. ಇಲ್ಲಿನ ಮೆಡಿಕಲ್ ಶಾಪಿನೋನ್ಗೆ ತೋರ್ಸಿ ಇದು ಯಾತಕ್ಕೆ ಅಂತ ಕೇಳ್ದೆ, ಹೇಳ್ದ. ಚೈತ್ರಂಗೆ ಹೇಳಿಲ್ಲ. ತಗೊಳ್ಳಿ, ಹಚ್ಕೊಳ್ಳಿ, ರಕ್ತ ಬರೋ ಹಾಗೆ ಕೆರ್ಕೊತಾ ಇದೀರ.'

ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. 'ಮತ್ತೆ... ಗೊತ್ತಿದ್ದೂ ಆ ಎಣ್ಣೆ ಯಾಕೆ ಹಚ್ಕೊಂಡ್ರಿ ಅತ್ತೆ?'

'ನನ್ನ ಕೈನ ಅಷ್ಟು ಜನದ ಮುಂದೆ ತೋರ್ಸಿದೀರಂತಲ್ಲ, ಚೈತ್ರ ಹೇಳಿದ್ಲು. ವಾಸಿಯಾಗ್ದೇ ಹೋದ್ರೆ ನಿಮ್ಮ ಮುಖ ಎಲ್ಲಿಡ್ತೀರ ಅಂತ ಹಚ್ಕೊಂಡೆ. ಹುಳದ ಮನೆಗೆ ಹೋಗೋವಾಗ ತೊಳ್ಕೊಂಡೇ ಹೋಗ್ತಿದ್ದೆ. ಹೋಗಿಲ್ಲ ವಾಸನೆ. ನನ್ನ ಮೂಗಿಗೆ ವಯಸ್ಸಾಯ್ತು.' ಸೆರಗಿನಲ್ಲಿ ಕೈ ಒರಸಿಕೊಂಡರು. 'ನೀವು ಹೇಳ್ತೀರ ಅಂತ ಕಾದೆ. ಆಗ್ಲಿಲ್ಲ ನಿಮ್ಮ ಕೈಲಿ. ಹೋಗ್ಲಿ ಬಿಡಿ.'

ಅಷ್ಟು ಹೇಳಿ ಅವರು ಅಂಗಳಕ್ಕೆ ಹೋದರು. ಅವನು ಟ್ಯೂಬು ಹಿಡಿದು ಬಾಗಿಲ ಮರೆಯಲ್ಲೇ ನಿಂತು ಕೇಳಿಸಿಕೊಂಡ.

'ಮುನಿವೆಂಕಟಪ್ಪ, ಆ ಮಗಳ ಮೇಲೆ ಬಾಯಿ ಬಿಡಬೇಡ. ಬುಧವಾರದಿಂದ ನಾನು ದಿನಕ್ಕೆ ಮೂರು ಸಲ ಕೈಗೆ ಬೇವಿನೆಣ್ಣೆ ಹಚ್ಕೊಂಡು ಸೊಪ್ಪು ಹಾಕಿದೀನಿ. ಹುಳ ಸಾಯ್ಸಿದ್ದು ನನ್ನ ಕೈ. ಕೊಂಡಮ್ಮ, ನೀನೂ ಕೇಳಿಸ್ಕೊ, ಊರಿಗೆಲ್ಲ ಹೇಳು, ಇವತ್ತೇ ಹೇಳು.'

'ಬೇವಿನೆಣ್ಣೇನಾ? ತಲೆ ನೆಟ್ಟಗಿದೆಯಾ ಅತ್ತಿಗೆ ನಿನಗೆ? ಮೂವತ್ತು ವರ್ಷ ಹುಳ ಸಾಕಿ... ಯಾರು ಕೊಟ್ರು ಎಣ್ಣೆ?'

'ಯಾರು ಕೊಟ್ರೇನು. ಹಚ್ಕೊಂಡೋಳು ನಾನು. ಕವಿತಾ, ಒಳಗೆ ಬಾರಮ್ಮ. ತಟ್ಟೆ ಎಲ್ಲಾ ತೆಗ್ದು ತೊಳೀಬೇಕು, ಒಬ್ಬಳ ಕೈಲಿ ಆಗಲ್ಲ.'

ಕೊಂಡಮ್ಮ ಲೊಚಗುಟ್ಟಿ, 'ವಯಸ್ಸಾಯ್ತಲ್ಲ, ಅರಳು ಮರಳು' ಅಂದಳು. ಇನ್ನು ಈ ಮಾತು ಊರಿನಲ್ಲಿ ಉಳಿಯುತ್ತದೆ. ಬೆಳೆ ತೆಗೆಯುವ ಪ್ರತಿ ಮನೆಯವರೂ ಇವರ ಹತ್ತಿರ ಬಂದು ಸಲಹೆ ಕೇಳುತ್ತಿದ್ದರು, ಇನ್ನು ಕೇಳುವುದಿಲ್ಲ. ಅವನಿಗೆ ಅದೆಲ್ಲ ಅರ್ಥವಾಗುತ್ತಿತ್ತು. ಅರ್ಥವಾಗುತ್ತಿರುವಾಗಲೇ ಎದೆಯ ಮೇಲಿನ ಭಾರ ಇಳಿದು, ಉಸಿರು ಸಲೀಸಾಗಿ, ಹೊಟ್ಟೆ ಹಸಿಯಿತು. ತನ್ನ ಹೆಸರು ಬರಲಿಲ್ಲ. ಬದುಕಿದೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು, ಆ ಹೇಸಿಗೆಯೂ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಹೊರಟಾಗ ಚೈತ್ರ ಕಾಫಿ ಕೊಡಲಿಲ್ಲ, ಅವನು ಕೇಳಲಿಲ್ಲ. ಅತ್ತೆಯೂ ಕವಿತಳೂ ತಟ್ಟೆಗಳನ್ನು ಒಂದೊಂದಾಗಿ ಹೊತ್ತು ತಂದು ಗುಂಡಿಯ ಬಳಿ ಸುರಿಯುತ್ತಿದ್ದರು. ಕವಿತ ಒಂದು ಸಲ ತಲೆಯೆತ್ತಿ ಅವನನ್ನು ನೋಡಿದಳು. ಬೈಗುಳವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನೋಡಿದ್ದು ಇವನ ತುಂಬುತೋಳನ್ನು, ಅಲ್ಲಿ ಮೂಡಿದ್ದ ಸಾಸಿವೆಯಷ್ಟು ರಕ್ತದ ಚುಕ್ಕೆಯನ್ನು. 'ಸಾರ್, ಅಂಗಿ' ಎಂದು ಬೆರಳು ತೋರಿಸಿ ಮತ್ತೆ ಕೆಲಸಕ್ಕೆ ಬಾಗಿದಳು.

ಶಿಡ್ಲಘಟ್ಟದ ಇನ್ನೊಂದು ಮಗ್ಗುಲಿಗೆ, ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಒಂದು ಹಿಪ್ಪುನೇರಳೆ ತೋಟದ ಪಕ್ಕ ಅವನು ಸ್ಕೂಟರ್ ನಿಲ್ಲಿಸಿದ. ಹಿಂದೆ ಮುಂದೆ ನೋಡಿ ತೋಳು ಮಡಿಸಿದ. ಅತ್ತೆ ಟ್ಯೂಬಿನ ಬುಡವನ್ನು ಒಂದು ಚೂರೂ ವ್ಯರ್ಥವಾಗದಂತೆ ಅಚ್ಚುಕಟ್ಟಾಗಿ ಸುರುಳಿ ಸುತ್ತಿಟ್ಟಿದ್ದರು. ಬಟಾಣಿಯಷ್ಟು ತೆಗೆದು ಹಚ್ಚಿಕೊಂಡ. ಮೊಬೈಲಿನಲ್ಲಿ ನರೇಂದ್ರನ ಉತ್ತರ ಬಂದಿತ್ತು: 'ಸೂಪರ್ ಸರ್! ನಂಬೋಕೇ ಆಗ್ತಿಲ್ಲ. ಅತ್ತೆಯವರನ್ನೂ ಕರ್ಕೊಂಡು ಬಂದ್ರೆ ಸನ್ಮಾನ ಮಾಡಣ.' 'ಅವರಿಗೆ ಮನೆಯಲ್ಲಿ ಕೆಲಸ ಇದೆ' ಎಂದು ಬರೆದ. ಅಂಗಿಯ ಚುಕ್ಕೆಯನ್ನು ಎಂಜಲಿನಿಂದ ಉಜ್ಜಿದ, ಅದು ಹರಡಿತು. ಬ್ಯಾಗಿನಲ್ಲಿ ಇನ್ನೊಂದು ಅಂಗಿಯಿತ್ತು, ಅದೂ ತುಂಬುತೋಳಿನದೇ. ಅದನ್ನು ಹಾಕಿಕೊಂಡು ಗುಂಡಿಗಳನ್ನೆಲ್ಲ ಹಾಕುವಷ್ಟರಲ್ಲಿ ತುರಿಕೆ ಪೂರ್ತಿಯಾಗಿ ನಿಂತಿತ್ತು.